ಮಾಡಾಯಿಪ್ಪಾರ: ಆನೆಯೂ ಇಲ್ಲ, ಮರವೂ ಇಲ್ಲ, ಮತ್ತೆ ನೋಡೋಕೆ ಏನಿದೆ?

ಕೊಡಗಿನವರಿಗೆ ಗುಡ್ಡ ನೋಡೋಕೆ ಬೇರೆ ಕಡೆ ಹೋಗಿ ಅಂದರೆ ನಗು ಬರುತ್ತದೆ. ತಡಿಯಂಡಮೋಳ್ 1,748 ಮೀಟರ್ ಎತ್ತರ ಇದೆ, ಬ್ರಹ್ಮಗಿರಿ 1,608. ಇಂಥವನ್ನು ದಿನಾ ಕಿಟಕಿಯಿಂದ ನೋಡುವವರಿಗೆ, ನೂರು ಮೀಟರ್ ಎತ್ತರವೂ ಇಲ್ಲದ, ತಲೆ ಚಪ್ಪಟೆಯಾದ ಒಂದು ಕೆಂಪು ಕಲ್ಲಿನ ಗುಡ್ಡ ನೋಡಲು ಘಾಟಿ ಇಳಿದು ಸಮುದ್ರದ ಬದಿಗೆ ಹೋಗಿ ಅಂದರೆ ಹೇಗಿರುತ್ತೆ? ಅದೂ ವನ್ಯಜೀವಿ ನೋಡಲು! ನಮಗೆ ವನ್ಯಜೀವಿ ಅಂದರೆ ಆನೆ. ಆನೆ ತೋಟಕ್ಕೆ ಬರುತ್ತೆ, ಬೇಲಿ ಮುರಿಯುತ್ತೆ. ಹುಲಿ ಬಂದರೆ ಊರೆಲ್ಲ ಎಚ್ಚರ. ಕಾಲಿನ ಗಿಣ್ಣಿನಷ್ಟು ಎತ್ತರದ ಗಿಡ, ಬೆರಳುದ್ದದ ಕೀಟ, ಕೈಯಗಲದ ಹೊಂಡದಲ್ಲಿ ಬದುಕುವ ಗೊದಮೊಟ್ಟೆ, ಇವನ್ನೆಲ್ಲ ವನ್ಯಜೀವಿ ಅಂತ ಕರೆಯುವ ಅಭ್ಯಾಸ ನಮಗೆ ಕಡಿಮೆ.

ಆದರೂ ಹೋಗಿ ಅಂತಲೇ ಹೇಳುತ್ತೇನೆ. ಕಣ್ಣೂರು ಜಿಲ್ಲೆಯ ಪಳಯಂಗಾಡಿ ಪೇಟೆಯ ಮಗ್ಗುಲಲ್ಲೇ ಇರುವ ಮಾಡಾಯಿಪ್ಪಾರ ಈ ಮಾತಿನ ಗುಡ್ಡ. ವಿಸ್ತಾರ 600 ಎಕರೆ ಆಸುಪಾಸು. ಮೇಲೆ ನಿಂತರೆ ಒಂದು ಕಡೆ ತೆಂಗಿನ ತೋಟ, ಹೊಳೆ, ಗದ್ದೆ. ಇನ್ನೊಂದು ಕಡೆ ದೂರದಲ್ಲಿ ನೌಕಾ ಅಕಾಡೆಮಿ ಇರುವ ಏಳಿಮಲ, ಅದರಾಚೆ ಕಡಲು. ಕಣ್ಣೂರಿಗೆ ಬೀಚ್ ನೋಡಲು, ಪರಶ್ಶಿನಿಕಡವಿಗೆ ಮುತ್ತಪ್ಪನ ದರ್ಶನಕ್ಕೆ, ಈಗ ಮಟ್ಟನ್ನೂರಿಗೆ ವಿಮಾನ ಹತ್ತಲು ನಮ್ಮವರು ಹೋಗ್ತಾನೇ ಇರುತ್ತಾರೆ. ಇದನ್ನು ಮಾತ್ರ ದಾಟಿ ಹೋಗುತ್ತಾರೆ. ಹೋದವರಲ್ಲೂ ಅರ್ಧಕ್ಕರ್ಧ ಜನ "ಅಯ್ಯೋ, ಅಲ್ಲಿ ಏನೂ ಇಲ್ಲ, ಬರೀ ಕಲ್ಲು, ಒಣ ಹುಲ್ಲು" ಅಂತ ವಾಪಸ್ ಬರುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಹೋದ ತಿಂಗಳು ತಪ್ಪಿರುತ್ತೆ, ಇಲ್ಲಾ ನೋಡುವ ಎತ್ತರ ತಪ್ಪಿರುತ್ತೆ. ಈ ಗುಡ್ಡ ಹೇಗೆ ಕೆಲಸ ಮಾಡುತ್ತದೆ ಅಂತ ಸ್ವಲ್ಪ ಗೊತ್ತಿದ್ದರೆ ಎರಡೂ ಸರಿಯಾಗುತ್ತದೆ.

ಮೊದಲು ಕಲ್ಲಿನಿಂದ ಶುರು ಮಾಡೋಣ, ಯಾಕೆಂದರೆ ಇಲ್ಲಿ ಎಲ್ಲಕ್ಕೂ ಕಾರಣ ಕಲ್ಲೇ.

ಇದು ಜಂಬಿಟ್ಟಿಗೆ. ಕರಾವಳಿಯವರು ಮುರಕಲ್ಲು ಅನ್ನುತ್ತಾರೆ, ಮನೆ ಕಟ್ಟಿಸುವವರು ಕೆಂಪುಕಲ್ಲು ಅನ್ನುತ್ತಾರೆ. ಬಿಸಿಲು ಮತ್ತು ಮಳೆ ಎರಡೂ ಜೋರಾಗಿರುವ ಕಡೆ, ಲಕ್ಷಾಂತರ ವರ್ಷ ನೀರು ಬಂಡೆಯೊಳಗೆ ಇಳಿದು ಇಳಿದು, ಕರಗುವುದನ್ನೆಲ್ಲ ತೊಳೆದುಕೊಂಡು ಹೋಗುತ್ತದೆ. ಕ್ಯಾಲ್ಸಿಯಂ, ಪೊಟ್ಯಾಸಿಯಂ, ಸಿಲಿಕಾದ ದೊಡ್ಡ ಪಾಲು ಹೀಗೆ ಹೋಗುತ್ತದೆ. ಕರಗದೆ ಉಳಿಯುವುದು ಕಬ್ಬಿಣ ಮತ್ತು ಅಲ್ಯುಮಿನಿಯಂ. ಕೆಂಪು ಬಣ್ಣ ಆ ಕಬ್ಬಿಣದ್ದು, ತುಕ್ಕಿನ ಬಣ್ಣವೇ ಅದು. ನೆಲದೊಳಗೆ ಇರುವಾಗ ಈ ಕಲ್ಲು ಮೆತ್ತಗೆ, ಕೊಡಲಿಯಲ್ಲೂ ಕಡಿಯಬಹುದು. ಗಾಳಿಗೆ ತೆರೆದುಕೊಂಡ ಮೇಲೆ ಗಟ್ಟಿಯಾಗುತ್ತದೆ. ಫ್ರಾನ್ಸಿಸ್ ಬುಕಾನನ್ ಎಂಬ ಬ್ರಿಟಿಷ್ ವೈದ್ಯ 1800-01ರಲ್ಲಿ ಮೈಸೂರು, ಕೆನರಾ, ಮಲಬಾರ್ ಸುತ್ತಿದಾಗ ಮಲಪ್ಪುರಂ ಕಡೆಯ ಅಂಗಾಡಿಪುರಂನಲ್ಲಿ ಈ ಕಲ್ಲು ನೋಡಿ, ಆಮೇಲೆ 1807ರಲ್ಲಿ ಅದನ್ನು ಲ್ಯಾಟರೈಟ್ ಅಂತ ಕರೆದು ಬರೆದ. ಇವತ್ತು ಇಡೀ ಜಗತ್ತು ಬಳಸುವುದು ಅದೇ ಹೆಸರು. ಅಂಗಾಡಿಪುರಂನ ಆ ಜಾಗ ಈಗ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ.

ಗುಡ್ಡವನ್ನು ಮೇಲಿಂದ ಕೆಳಗೆ ಸೀಳಿದರೆ ಏನು ಕಾಣುತ್ತೆ? ಮೇಲೆ ಗಟ್ಟಿ ಪದರ, ತುಂಬಾ ತೂತು, ಬಿರುಕು. ಅದರ ಕೆಳಗೆ ಮೆತ್ತಗಿನ ಜಂಬಿಟ್ಟಿಗೆ. ಅದರಡಿ ಬಿಳಿ, ಹಳದಿ, ನೇರಳೆ ಬಣ್ಣದ ಜೇಡಿಮಣ್ಣು. ಮಳೆನೀರು ಮೇಲಿನ ತೂತುಗಳಲ್ಲಿ ಇಳಿಯುತ್ತದೆ, ಜೇಡಿಮಣ್ಣಿನ ತನಕ ಬಂದು ಮುಂದೆ ಇಳಿಯಲಾಗದೆ ಅಡ್ಡಕ್ಕೆ ಹರಿಯುತ್ತದೆ, ಗುಡ್ಡದ ಬುಡದಲ್ಲಿ ಒರತೆಯಾಗಿ ಹೊರಗೆ ಬರುತ್ತದೆ. ಅಂದರೆ ಇಡೀ ಗುಡ್ಡ ಒಂದು ದೊಡ್ಡ ಸ್ಪಂಜು. ಸುತ್ತಲಿನ ಊರಿನ ಬಾವಿಗಳಲ್ಲಿ ಬೇಸಿಗೆಯಲ್ಲೂ ನೀರು ಇರುವುದು ಈ ಕಾರಣಕ್ಕೆ. ಕಾಸರಗೋಡು, ದಕ್ಷಿಣ ಕನ್ನಡದ ಕಡೆ ಗುಡ್ಡಕ್ಕೆ ಅಡ್ಡಲಾಗಿ ಸುರಂಗ ಕೊರೆದು ನೀರು ತರುತ್ತಾರಲ್ಲ, ಅದೂ ಇದೇ ಲೆಕ್ಕಾಚಾರ.

ಕಾಸರಗೋಡಿನ ಮಾತು ಬಂತು, ಅಲ್ಲಿನ ಎಂಡೋಸಲ್ಫಾನ್ ಕೀಟನಾಶಕದ ಕಥೆಯಲ್ಲೂ ಈ ಕಲ್ಲಿನ ಪಾತ್ರ ಇದೆ. ಗುಡ್ಡದ ಮೇಲಿನ ಗೇರು ತೋಟಗಳಿಗೆ ಇಪ್ಪತ್ತು ವರ್ಷಕ್ಕೂ ಜಾಸ್ತಿ ಕಾಲ ಹೆಲಿಕಾಪ್ಟರಿನಿಂದ ವಿಷ ಸಿಂಪಡಿಸಿದರು. ಮೇಲೆ ಬಿದ್ದದ್ದು ಕೆಳಗಿನ ಮನೆಗಳ ಸುರಂಗದ ನೀರಿಗೂ ತೋಡಿಗೂ ಬಂತು. ಮುರಕಲ್ಲಿನ ಗುಡ್ಡದ ತಲೆಯ ಮೇಲೆ ಏನು ಮಾಡುತ್ತೇವೋ ಅದನ್ನು ಬುಡದವರು ಕುಡಿಯುತ್ತಾರೆ. ಮಾಡಾಯಿಪ್ಪಾರದಲ್ಲಿ ಒಂದು ಬಿಸ್ಕೆಟ್ ಪ್ಯಾಕೆಟ್ ಬಿಸಾಡುವ ಮೊದಲು ಇದು ನೆನಪಿರಲಿ.

ಕೊಡಗಿನವರಿಗೆ ಇನ್ನೊಂದು ವಿಷಯ. ನಮ್ಮ ಕಡೆಯ ಮಳೆ ಅಂದ ಕೂಡಲೇ ಎಲ್ಲರೂ ಕಾವೇರಿ ಅನ್ನುತ್ತಾರೆ. ಆದರೆ ಬ್ರಹ್ಮಗಿರಿಯ ಪಶ್ಚಿಮದ ನೀರು ಬಾರಪೊಳೆಯಾಗಿ ಇಳಿದು, ವಳಪಟ್ಟಣಂ ಹೊಳೆಗೆ ಸೇರಿ, ಕಣ್ಣೂರಿನ ಹತ್ತಿರ ಸಮುದ್ರ ಸೇರುತ್ತದೆ. ಹಾಗಂತ ಮಾಡಾಯಿಪ್ಪಾರಕ್ಕೆ ನಮ್ಮ ನೀರಿನ ಹಂಗೇನೂ ಇಲ್ಲ. ಹೊಳೆ ಕೆಳಗೆ ಹರಿಯುತ್ತದೆ, ಗುಡ್ಡ ಮೇಲಿದೆ. ತನ್ನ ತಲೆಯ ಮೇಲೆ ಬಿದ್ದ ಮಳೆಯೊಂದೇ ಅದರ ಆಸ್ತಿ. ಆ ಭಾಗದಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ. ನಮ್ಮ ತೋಟದ ಲೆಕ್ಕದಲ್ಲಿ 118 ಇಂಚಿಗೂ ಮೇಲೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಬಂದು ಮುಗಿಯುತ್ತದೆ. ಇನ್ನುಳಿದ ತಿಂಗಳು ಬಿಸಿಲು, ಗಾಳಿ, ಉಪ್ಪಿನ ತೇವ. ಕಾಫಿ ಹೂ ಅರಳಿಸುವ ಹೂಮಳೆ ಇಷ್ಟು ಸೆಂಟ್ (ಇಂಚಿನ ನೂರನೇ ಭಾಗ) ಬಿತ್ತು, ಅದರ ಹಿಂದೆ ಬರಬೇಕಾದ ಬ್ಯಾಕಿಂಗ್ ಮಳೆ ಬರಲಿಲ್ಲ ಅಂತ ಫೆಬ್ರವರಿ, ಮಾರ್ಚಿನಲ್ಲಿ ಆಕಾಶ ನೋಡಿಕೊಂಡು ಕೂರುವವರಿಗೆ ಇದು ಬೇಗ ಅರ್ಥವಾಗುತ್ತದೆ: ಎಷ್ಟು ಮಳೆ ಅನ್ನುವುದಕ್ಕಿಂತ ಯಾವಾಗ ಮಳೆ ಅನ್ನುವುದೇ ಮುಖ್ಯ.

ಈಗ ಮಣ್ಣು. ಮಣ್ಣೇ ಇಲ್ಲ ಅನ್ನಬಹುದು. ಬಂಡೆಯ ಮೇಲೆ ಕೆಲವು ಕಡೆ ಒಂದು ಬೆರಳು ದಪ್ಪ, ಕೆಲವು ಕಡೆ ಒಂದು ಗೇಣು, ತುಂಬಾ ಕಡೆ ಬರೀ ಕಲ್ಲು. ಇರುವ ಮಣ್ಣೂ ಹುಳಿ, ಸಾರವಿಲ್ಲದ್ದು. ಕಾಫಿ ಬೆಳೆಗಾರರಿಗೆ ಇದು ಹೊಸದಲ್ಲ. ಹುಳಿ ಮಣ್ಣಿಗೆ ಸುಣ್ಣ ಹಾಕುವುದು, ರಂಜಕ ಹಾಕಿದರೂ ಗಿಡಕ್ಕೆ ಸಿಗದೆ ಇರುವುದು, ಇದೆಲ್ಲ ನಮ್ಮಲ್ಲೂ ಇದೆ. ಕಬ್ಬಿಣ, ಅಲ್ಯುಮಿನಿಯಂ ಜಾಸ್ತಿ ಇರುವ ಮಣ್ಣು ರಂಜಕವನ್ನು ಗಟ್ಟಿಯಾಗಿ ಹಿಡಿದುಕೊಂಡುಬಿಡುತ್ತದೆ, ಬೇರಿಗೆ ಬಿಡುವುದಿಲ್ಲ. ಮಾಡಾಯಿಪ್ಪಾರದಲ್ಲಿ ಅದೇ ಸಂಗತಿ ಹತ್ತು ಪಟ್ಟು. ಅಲ್ಲಿ ಸುಣ್ಣ ಹಾಕುವವರೂ ಇಲ್ಲ, ಗೊಬ್ಬರ ಹಾಕುವವರೂ ಇಲ್ಲ.

ಹಾಗಾದರೆ ಗಿಡ ಏನು ತಿನ್ನಬೇಕು? ಕೆಲವು ಗಿಡಗಳು ಹುಳ ತಿನ್ನುತ್ತವೆ. ತಮಾಷೆ ಅಲ್ಲ.

ಓಣಂ ಸಮಯದಲ್ಲಿ ಈ ಗುಡ್ಡ ನೀಲಿಯಾಗುತ್ತದೆ ಅಂತ ಕೇಳಿರಬಹುದು, ಫೋಟೊ ನೋಡಿರಬಹುದು. ಆ ನೀಲಿ ಬಹುಪಾಲು ಕಾಕ್ಕಪ್ಪೂವಿನದ್ದು. ಮಲಯಾಳಿಗಳು ಪೂಕ್ಕಳಂ, ಅಂದರೆ ಹೂವಿನ ರಂಗೋಲಿ ಹಾಕಲು ಕೊಯ್ಯುತ್ತಿದ್ದ ಹೂವು ಇದು. ವಿಜ್ಞಾನದ ಹೆಸರು ಯುಟ್ರಿಕ್ಯುಲೇರಿಯಾ ರೆಟಿಕ್ಯುಲೇಟಾ. ಮೇಲೆ ನೋಡಿದರೆ ಮುದ್ದಾದ ನೀಲಿ-ನೇರಳೆ ಹೂವು, ದಳದ ಮೇಲೆ ಬಲೆಯಂತೆ ಗೆರೆ. ಅಸಲಿ ಕೆಲಸ ನಡೆಯುವುದು ಕೆಳಗೆ, ಒದ್ದೆ ಮಣ್ಣಿನಲ್ಲಿ. ಅಲ್ಲಿ ಸಾಸಿವೆಗಿಂತ ಸಣ್ಣ ಚೀಲಗಳಿವೆ. ಗಿಡ ಚೀಲದೊಳಗಿನ ನೀರನ್ನು ಹೊರಹಾಕಿ ಒಳಗೆ ಒತ್ತಡ ಕಡಿಮೆ ಮಾಡಿಟ್ಟುಕೊಳ್ಳುತ್ತದೆ. ಬಾಯಿಗೆ ಒಂದು ಬಾಗಿಲು. ನೀರಿನಲ್ಲಿ ಈಜುವ ಯಾವುದೋ ಸೂಕ್ಷ್ಮಜೀವಿ ಬಾಗಿಲಿಗೆ ತಗುಲಿದರೆ ಸಾಕು, ಬಾಗಿಲು ಒಳಕ್ಕೆ ತೆರೆದು, ನೀರಿನ ಜೊತೆ ಅದನ್ನೂ ಎಳೆದುಕೊಂಡು ಮುಚ್ಚಿಕೊಳ್ಳುತ್ತದೆ. ಇದಕ್ಕೆ ಹಿಡಿಯುವ ಹೊತ್ತು ಸೆಕೆಂಡಿನ ಸಾವಿರದ ಒಂದು ಭಾಗದ ಆಸುಪಾಸು. ಸಸ್ಯಲೋಕದಲ್ಲಿ ಇಷ್ಟು ವೇಗದ ಚಲನೆ ತುಂಬಾ ಅಪರೂಪ. ಸಿಕ್ಕಿದ್ದು ಒಳಗೇ ಜೀರ್ಣವಾಗಿ, ಮಣ್ಣಿನಲ್ಲಿ ಸಿಗದ ಸಾರಜನಕ, ರಂಜಕ ಗಿಡಕ್ಕೆ ಸಿಗುತ್ತದೆ. ಅದರ ಪಕ್ಕದಲ್ಲೇ ಡ್ರೊಸೆರಾ ಇರುತ್ತದೆ. ಎಲೆಯ ತುಂಬಾ ಕೂದಲು, ಕೂದಲ ತುದಿಯಲ್ಲಿ ಅಂಟಿನ ಹನಿ. ಬಿಸಿಲಿಗೆ ಇಬ್ಬನಿಯಂತೆ ಹೊಳೆಯುತ್ತದೆ, ನೊಣ ಬಂದು ಕೂತರೆ ಕಥೆ ಮುಗಿಯಿತು.

ಇಂಥ ಗಿಡಗಳು ಸಾರವಿರುವ ಮಣ್ಣಿನಲ್ಲಿ ಗೆಲ್ಲುವುದಿಲ್ಲ. ಅಲ್ಲಿ ಎತ್ತರದ ಹುಲ್ಲು, ಪೊದೆ ಬಂದು ಇವನ್ನು ಮುಚ್ಚಿಹಾಕುತ್ತವೆ. ನೆಲ ಬಡವಾಗಿರುವುದೇ ಇವುಗಳ ಅದೃಷ್ಟ. ಅದಕ್ಕೇ, ಈ ಗುಡ್ಡವನ್ನು "ಬರಡು ಭೂಮಿ, ಸುಮ್ನೆ ಬಿದ್ದಿದೆ" ಅಂತ ನೋಡಿ ಅಲ್ಲಿ ಸಸಿ ನೆಡುವ ಕಾರ್ಯಕ್ರಮ ಇಟ್ಟುಕೊಳ್ಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಗುಂಡಿ ತೋಡಿ, ಗೊಬ್ಬರ ಹಾಕಿ, ಅಕೇಶಿಯ ನೆಟ್ಟರೆ ನೆರಳು ಬರುತ್ತದೆ, ಎಲೆ ಉದುರುತ್ತದೆ, ಮಣ್ಣಾಗುತ್ತದೆ, ಇಲ್ಲಿನದೇ ಆದ ಸಣ್ಣ ಗಿಡಗಳು ಹೋಗುತ್ತವೆ. ಮರ ಇಲ್ಲದ ಜಾಗವೆಲ್ಲ ಹಾಳಾದ ಕಾಡಲ್ಲ. ನಮ್ಮ ಬೆಟ್ಟದ ನೆತ್ತಿಯ ಹುಲ್ಲುಗಾವಲಿಗೂ ಈ ಮಾತು ಸಲ್ಲುತ್ತದೆ, ಇರಲಿ.

ಎಷ್ಟು ವಿಶೇಷ ಅಂದರೆ ಈ ಗುಡ್ಡದ ಹೆಸರನ್ನೇ ಇಟ್ಟುಕೊಂಡ ಗಿಡಗಳಿವೆ. ಎರಿಯೋಕಾಲಾನ್ ಮಾಡಾಯಿಪಾರೆನ್ಸೆ ಒಂದು, ಲಿಂಡರ್ನಿಯಾ ಮಾಡಾಯಿಪಾರೆನ್ಸೆ ಇನ್ನೊಂದು. ಮೊದಲಿನದರ ಜಾತಿಯವು ಕಡ್ಡಿಯ ತುದಿಯಲ್ಲಿ ಪುಟ್ಟ ಬಿಳಿ ತಲೆ ಹೊತ್ತು ನಿಂತಿರುತ್ತವೆ. ಮಂಡಲಪಟ್ಟಿ ಕಡೆ ಮಳೆಗಾಲದಲ್ಲಿ ಅಂಥವನ್ನು ನೋಡಿರುತ್ತೀರಿ, ಹೆಸರು ಕೇಳಿರಲಿಕ್ಕಿಲ್ಲ. ನೀರು ನಿಂತ ಕಲ್ಲುಗುಳಿಗಳಲ್ಲಿ ಮಾತ್ರ ಬೆಳೆಯುವ ರೊಟಾಲ ಮಲಬಾರಿಕಾ ಎಂಬ ಗಿಡವೂ ಉತ್ತರ ಮಲಬಾರಿನ ಮುರಕಲ್ಲಿನ ಗುಡ್ಡಗಳದ್ದೇ. ಇನ್ನೊಂದು, ಜಸ್ಟೀಸಿಯಾ ಏಕಕುಸುಮ. ಕಕ್ಕಡ (ಕೊಡಗಿನ ಮಳೆಗಾಲದ ತಿಂಗಳು) ಹದಿನೆಂಟರಂದು ನಾವು ಪಾಯಸ ಮಾಡುವ ಮದ್ದು ಸೊಪ್ಪು ಇದೆಯಲ್ಲ, ಅದರ ಕುಲದ್ದೇ, ದಾಯಾದಿ. ನಮ್ಮದು ಕಾಡಿನ ತಂಪಿನಲ್ಲಿ ಸೊಗಸಾಗಿ ಬೆಳೆದರೆ ಅದು ಸುಡುವ ಕಲ್ಲಿನ ಬದಿಯಲ್ಲಿ ಬದುಕುತ್ತದೆ.

ಸರಿ, ಯಾವಾಗ ಹೋಗಬೇಕು? ಇದೊಂದೇ ಪ್ರಶ್ನೆಗೆ ಒಂದೇ ಉತ್ತರ ಕೊಡಲಾಗುವುದಿಲ್ಲ. ವರ್ಷಕ್ಕೆ ಐದು ಬೇರೆ ಬೇರೆ ಗುಡ್ಡ ಅಂದುಕೊಳ್ಳಿ.

ಜೂನ್, ಜುಲೈನಲ್ಲಿ ಅದು ನೀರಿನ ಗುಡ್ಡ. ಕಲ್ಲಿನ ಸಣ್ಣ ಸಣ್ಣ ಗುಳಿಗಳೆಲ್ಲ ತುಂಬುತ್ತವೆ. ಬೇಸಿಗೆಯಲ್ಲಿ ಬಂಡೆಯ ಮೇಲೆ ಕರಿ ಕಲೆಯಂತೆ ಕಂಡದ್ದು ನೀರು ಬಿದ್ದ ಕೂಡಲೇ ಲೋಳೆ ಲೋಳೆಯಾಗಿ ಹಸಿರಾಗುತ್ತದೆ, ಅದು ಜೀವ ಇರುವ ಪದರ, ಗಾಳಿಯ ಸಾರಜನಕವನ್ನು ಹಿಡಿದು ಉಳಿದವರಿಗೂ ಕೊಡುವ ಸೂಕ್ಷ್ಮಜೀವಿಗಳು ಅದರಲ್ಲಿವೆ. ಅದರ ಮೇಲೆ ಕಾಲಿಟ್ಟರೆ ಜಾರಿ ಬೀಳುವುದು ಗ್ಯಾರಂಟಿ. ಗುಳಿಗಳಲ್ಲಿ ಕಪ್ಪೆ ಮೊಟ್ಟೆ ಇಡುತ್ತದೆ. ಮಳೆ ನಾಲ್ಕು ದಿನ ಬಿಟ್ಟರೆ ಗುಳಿ ಒಣಗುತ್ತದೆ, ಗೊದಮೊಟ್ಟೆಗಳದ್ದು ಟೈಮ್ ಜೊತೆ ಓಟ. ಇಲ್ಲಿ ಮೀನು ಕಡಿಮೆ, ಅದಕ್ಕೇ ಈ ಅಪಾಯದ ಜಾಗವನ್ನು ಕಪ್ಪೆ ಆರಿಸಿಕೊಳ್ಳುವುದು. ಏರೋಪ್ಲೇನ್ ಚಿಟ್ಟೆಗಳದ್ದೂ ಅದೇ ಲೆಕ್ಕ. ನಮ್ಮ ಅಂಗಳದಲ್ಲಿ ಮಳೆಗಾಲದ ಕೊನೆಗೆ ಗುಂಪು ಗುಂಪಾಗಿ ಹಾರುವ ಹಳದಿ ಬಣ್ಣದ ಜಾತಿ ಇದೆಯಲ್ಲ, ಪಂಟಾಲ ಅಂತ, ಅದು ಮಳೆನೀರಿನ ಹೊಂಡಗಳಲ್ಲಿ ಮರಿ ಮಾಡುತ್ತದೆ, ಒಂದೂವರೆ ತಿಂಗಳ ಆಸುಪಾಸಿನಲ್ಲಿ ನೀರಿನ ಬಾಳು ಮುಗಿಸಿ ಹಾರುತ್ತದೆ. ಆಮೇಲೆ ಎಲ್ಲಿಗೆ? ಚಾರ್ಲ್ಸ್ ಆಂಡರ್ಸನ್ ಎಂಬ ಜೀವವಿಜ್ಞಾನಿ ಮಾಲ್ದೀವ್ಸ್‌ನಲ್ಲಿ ಕೂತು ವರ್ಷಗಟ್ಟಲೆ ಲೆಕ್ಕ ಇಟ್ಟು 2009ರಲ್ಲಿ ಬರೆದ ಪ್ರಕಾರ, ಅವು ಹಿಂಗಾರಿನ ಗಾಳಿ ಹಿಡಿದು ಸಮುದ್ರ ದಾಟಿ ಆಫ್ರಿಕಾಕ್ಕೆ ಹೋಗುತ್ತವೆ. ಅಂಗೈ ಅಗಲದ ಹೊಂಡದಲ್ಲಿ ಹುಟ್ಟಿದ್ದು ಕಡಲು ದಾಟುತ್ತದೆ. ನನಗೆ ಆನೆಗಿಂತ ಇದು ದೊಡ್ಡ ವಿಷಯ.

ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಅದು ನೀಲಿ ಗುಡ್ಡ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಕಕ್ಕಡ ಮುಗಿದು, ನಾಟಿ ಕೆಲಸ ಮುಗಿದು, ಕೈಲ್ ಮುಹೂರ್ತ ಬರುವ ಹೊತ್ತು. ಒಂದೇ ಸಲ ಹೋಗಲು ಸಾಧ್ಯ ಅನ್ನುವವರು ಆಗ ಹೋಗಿ. ಮಳೆ ಬಿಟ್ಟು ಬಿಟ್ಟು ಬರುತ್ತದೆ, ಬೆಳಕು ಚೆನ್ನಾಗಿರುತ್ತದೆ, ನೀಲಿಯ ನಡುವೆ ಬಿಳಿ ಎರಿಯೋಕಾಲಾನ್, ನಡುನಡುವೆ ಹಳದಿ. ಒಂದು ಎಚ್ಚರಿಕೆ: ಮಳೆ ಬೇಗ ಕೈಕೊಟ್ಟ ವರ್ಷ ಹೂವೂ ಬೇಗ ಮುಗಿಯುತ್ತದೆ, ಜಾಸ್ತಿ ದಿನ ಹಿಡಿದರೆ ತಡವಾಗುತ್ತದೆ. ಕ್ಯಾಲೆಂಡರ್ ನೋಡಿ ಹೋಗುವುದಕ್ಕಿಂತ ಆ ಕಡೆ ಇರುವ ಯಾರನ್ನಾದರೂ ಫೋನ್ ಮಾಡಿ ಕೇಳಿ ಹೋಗುವುದು ಒಳ್ಳೆಯದು. ಕೊಡಗಿನಲ್ಲಿ ಕಣ್ಣೂರಿನ ಪರಿಚಯ ಇಲ್ಲದ ಮನೆ ಯಾವುದಿದೆ ಹೇಳಿ!

ಮಳೆ ಇಳಿದ ಮೇಲೆ, ಸೆಪ್ಟೆಂಬರ್ ಮುಗಿಯುತ್ತಾ ಬಂದಂತೆ, ಚಿಟ್ಟೆಗಳ ಸರದಿ. ಕಾಯಿ ಒಣಗಿದರೆ ಗಿಲಿಗಿಲಿ ಸದ್ದು ಮಾಡುವ, ಹಳದಿ ಹೂವಿನ ಕ್ರೋಟಲೇರಿಯಾ ಗಿಡ ಗುಡ್ಡದಲ್ಲಿ ಧಾರಾಳ ಇದೆ. ಅದರ ಮೇಲೆ ನೀಲಿ ಹುಲಿ ಚಿಟ್ಟೆ, ಕಾಗೆ ಚಿಟ್ಟೆಗಳು ಮುತ್ತಿಕೊಳ್ಳುತ್ತವೆ. ಹೂವಿನ ಜೇನಿಗಲ್ಲ. ಎಲೆ, ಕಾಂಡ, ಒಣಗಿದ ಕಾಯಿಯನ್ನು ಕೆರೆದು ರಸ ಹೀರುತ್ತವೆ. ಆ ರಸದಲ್ಲಿ ಕಹಿ ವಿಷ ಇದೆ. ಬಹುತೇಕ ಗಂಡು ಚಿಟ್ಟೆಗಳೇ ಈ ಕೆಲಸಕ್ಕೆ ಬರುವುದು, ಯಾಕೆಂದರೆ ಹೆಣ್ಣನ್ನು ಸೆಳೆಯುವ ವಾಸನೆ ತಯಾರಿಸಲು ಅವಕ್ಕೆ ಆ ವಿಷವೇ ಕಚ್ಚಾಮಾಲು. ಜೊತೆಗೆ ಮೈಯೆಲ್ಲ ಕಹಿಯಾಗಿ ಹಕ್ಕಿಗಳೂ ಇವುಗಳ ತಂಟೆಗೆ ಬರುವುದಿಲ್ಲ. ಇವೇ ಜಾತಿಯ ಚಿಟ್ಟೆಗಳು ಮಳೆಗಾಲದ ಹಿಂದೆ ಮುಂದೆ ಘಟ್ಟಕ್ಕೂ ಬಯಲಿಗೂ ನಡುವೆ ವಲಸೆ ಹೋಗುತ್ತವೆ. ನಮ್ಮ ತೋಟದ ಮೇಲೆ ಒಂದೇ ದಿಕ್ಕಿಗೆ ಸಾಲಾಗಿ ಹಾರಿ ಹೋಗುವುದನ್ನು ನೀವೂ ನೋಡಿರಬಹುದು. ಕಾಫಿ ಕೊಯ್ಲಿನ ಗಡಿಬಿಡಿಯಲ್ಲಿ ಯಾರು ತಲೆ ಎತ್ತಿ ನೋಡುತ್ತಾರೆ ಅನ್ನುವುದು ಬೇರೆ ಮಾತು.

ನವೆಂಬರ್, ಡಿಸೆಂಬರಿನಿಂದ ಹುಲ್ಲು ಬಂಗಾರದ ಬಣ್ಣ. ಆಗ ಹಕ್ಕಿ. ಉತ್ತರದಿಂದ ಬರುವ ಸೆಳೆವ ಎಂಬ ಬೇಟೆ ಹಕ್ಕಿಗಳು ಹುಲ್ಲಿನ ಮೇಲೆ ತೀರಾ ತಗ್ಗಿನಲ್ಲಿ ತೇಲುತ್ತಾ ಇಲಿ, ಮಿಡತೆ ಹುಡುಕುತ್ತವೆ. ಚಾಣಗಳು ಗಾಳಿಯಲ್ಲಿ ಒಂದೇ ಕಡೆ ರೆಕ್ಕೆ ಬಡಿಯುತ್ತಾ ನಿಂತಿರುತ್ತವೆ. ತಲೆಯ ಮೇಲೆ ಜುಟ್ಟಿರುವ ಮಲಬಾರ್ ಬಾನಾಡಿ ವರ್ಷವಿಡೀ ಇರುತ್ತದೆ, ಗರುಡನಂತೂ ಸರಿಯೇ ಸರಿ. ಬೈನಾಕ್ಯುಲರ್ ಇದ್ದರೆ ಈ ಸಮಯ ಬಿಡಬೇಡಿ. ಹೂವಿನ ಕಾಲಕ್ಕೆ ಬರುವ ಜನಜಂಗುಳಿಯೂ ಇರುವುದಿಲ್ಲ.

ಮಾರ್ಚ್‌ನಿಂದ ಮೇ ತನಕ ಗುಡ್ಡ ಸುಡುತ್ತದೆ. ಬರಿಗಾಲಿಡಲು ಆಗುವುದಿಲ್ಲ. ಏನೂ ಇಲ್ಲ ಅಂತ ಜನ ಹೇಳುವುದು ಈ ಗುಡ್ಡವನ್ನೇ. ಆದರೆ ಹಳದಿ ಟಿಟ್ಟಿಭ ಸಂಸಾರ ಹೂಡುವುದು ಈ ಕಾಲದಲ್ಲೇ, ಅದೂ ಬಟಾಬಯಲಿನಲ್ಲಿ. ಗೂಡು ಅಂದರೆ ನೆಲದಲ್ಲಿ ಒಂದು ತಗ್ಗು, ಸುತ್ತ ನಾಲ್ಕು ಕಲ್ಲುಚೂರು. ಮೊಟ್ಟೆಯ ಬಣ್ಣ ಜಂಬಿಟ್ಟಿಗೆಯ ಹರಳಿನದ್ದೇ. ಎರಡಡಿ ದೂರದಲ್ಲಿ ನಿಂತರೂ ಕಾಣುವುದಿಲ್ಲ. ಬಿಸಿಲು ಏರಿದರೆ ಮೊಟ್ಟೆ ಬೇಯುತ್ತದೆ, ಅದಕ್ಕೆ ಹಕ್ಕಿ ನೀರಿಗೆ ಹೋಗಿ ಎದೆಯ ಗರಿ ನೆನೆಸಿಕೊಂಡು ಬಂದು ಮೊಟ್ಟೆಯ ಮೇಲೆ ಕೂರುತ್ತದೆ, ಕಾವು ಕೊಡಲಿಕ್ಕಲ್ಲ, ತಂಪು ಮಾಡಲಿಕ್ಕೆ. ನೀವು ಹತ್ತಿರ ಹೋದರೆ ಕೂಗಿ ರಂಪ ಮಾಡುತ್ತದೆ, ರೆಕ್ಕೆ ಮುರಿದಂತೆ ನಟಿಸಿ ಕುಂಟುತ್ತಾ ನಿಮ್ಮನ್ನು ಬೇರೆ ಕಡೆ ಎಳೆಯುತ್ತದೆ. ಅದನ್ನು ಕಂಡರೆ ವಿಡಿಯೊ ಮಾಡುತ್ತಾ ನಿಲ್ಲಬೇಡಿ. ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಿ, ಹೆಜ್ಜೆ ನೋಡಿ ಇಡಿ. ನೀವು ನಿಂತಷ್ಟು ಹೊತ್ತೂ ಮೊಟ್ಟೆ ಬಿಸಿಲಲ್ಲಿ ಇರುತ್ತದೆ.

ಅದಕ್ಕೆ ನೀರು ಎಲ್ಲಿಂದ ಅಂತ ಕೇಳಬಹುದು. ಗುಡ್ಡದ ಮೇಲೆ ವಡುಕುಂದ ಶಿವ ದೇವಸ್ಥಾನದ ಪಕ್ಕ ಒಂದು ದೊಡ್ಡ ಕೆರೆ ಇದೆ, ಬೇಸಿಗೆಯಲ್ಲೂ ಬತ್ತುವುದಿಲ್ಲ. ಸುತ್ತ ಕಲ್ಲು ಸುಡುತ್ತಿರುವಾಗ ನಡುವೆ ತುಂಬಿದ ಕೆರೆ ನೋಡಿದರೆ ಪವಾಡ ಅನ್ನಿಸುವುದು ಸಹಜ. ಇನ್ನೊಂದು ಯಹೂದಿ ಕೊಳ, ಕೈಗನ್ನಡಿಯ ಆಕಾರದ್ದು. ಹಿಂದೆ ಕಡಲ ವ್ಯಾಪಾರಕ್ಕೆ ಬಂದು ನೆಲೆಸಿದ ಯಹೂದಿಗಳ ಗುರುತು ಅಂತ ಹೇಳುತ್ತಾರೆ. ಕೋಟೆಯ ಅವಶೇಷಗಳೂ ಇವೆ. ಕೋಲತ್ತಿರಿ ಅರಸರ ಕಾಲದಲ್ಲಿ ಇದು ಆಯಕಟ್ಟಿನ ಜಾಗ. ಪುರಾಣದ ಪ್ರಕಾರ ದಾರಿಕಾಸುರನ ಕೋಟೆ ಇಲ್ಲೇ, ಭದ್ರಕಾಳಿ ಅವನನ್ನು ಕೊಂದದ್ದೂ ಇಲ್ಲೇ. ಪಳಯಂಗಾಡಿಯಲ್ಲಿರುವ ಹಳೆಯ ಮಾಡಾಯಿ ಮಸೀದಿ 1124ರದ್ದು. ಇಷ್ಟು ಸಣ್ಣ ಜಾಗದಲ್ಲಿ ಇಷ್ಟು ಬಗೆಯ ಜನ ಯಾಕೆ ಸೇರಿದರು? ಎತ್ತರ, ಬತ್ತದ ನೀರು, ಕಣ್ಣಳತೆಯಲ್ಲಿ ಕಡಲು. ಮೂರೂ ಇದ್ದರೆ ಯಾರಿಗೆ ಬೇಡ?

ಮಾಡಾಯಿ ಕಾವು, ಅಂದರೆ ತಿರುವರ್ಕಾಡು ಭಗವತಿ ದೇವಸ್ಥಾನಕ್ಕೆ ಹೋಗದೆ ಬರಬೇಡಿ. ಅಲ್ಲಿನ ಪ್ರಸಾದ ಕೋಳಿ ಕರಿ, ಜೊತೆಗೆ ಬೇಯಿಸಿದ ಹೆಸರುಕಾಳು. ನಮ್ಮವರಿಗೆ ಇದಕ್ಕಿಂತ ಜಾಸ್ತಿ ಹೇಳಬೇಕಾಗಿಲ್ಲ. ಪಯ್ಯಾವೂರು, ಬೈತೂರು ಉತ್ಸವಕ್ಕೆ ಎತ್ತಿನ ಮೇಲೆ ಅಕ್ಕಿ ಹೇರಿಕೊಂಡು ಹೋಗುವ ಪದ್ಧತಿ ಕೊಡಗಿನಲ್ಲಿ ಇವತ್ತಿಗೂ ಇದೆ. ಈ ದೇವಿಯೂ ಅದೇ ಸೀಮೆಯವಳು, ಪರಕೀಯ ಅನ್ನಿಸುವುದಿಲ್ಲ. ಮೀನ ಮಾಸದ ಪೂರಂ ಹೊತ್ತಿಗೆ ಗುಡ್ಡದ ತುಂಬಾ ಜನ ಸೇರುತ್ತಾರೆ. ಒಂದು ವಿಷಯ ಗಮನಿಸಿ. ಗುಡ್ಡ ಅಭಯಾರಣ್ಯ ಅಲ್ಲ, ಬಹುಪಾಲು ದೇವಸ್ವಂ, ಅಂದರೆ ದೇವಸ್ಥಾನದ ಜಮೀನು. ಕಾಡಿನ ಕಾನೂನಿನ ಬೇಲಿ ಇದಕ್ಕಿಲ್ಲ. ಇಷ್ಟು ದಿನ ಉಳಿದದ್ದಕ್ಕೆ ದೇವರ ಭಯವೂ ಒಂದು ಕಾರಣ ಅಂತ ನನ್ನ ಅನಿಸಿಕೆ. ನಮ್ಮ ದೇವರಕಾಡುಗಳ ಕಥೆಯೂ ಅದೇ ಅಲ್ವಾ?

ಉಳಿದದ್ದು ಸುಲಭವಾಗಿ ಅಲ್ಲ. ಜೇಡಿಮಣ್ಣಿನ ಪದರ ಅಂದೆನಲ್ಲ, ಅದು ಒಳ್ಳೆಯ ಚೀನಾ ಜೇಡಿ, ಪಿಂಗಾಣಿಗೂ ಕಾಗದಕ್ಕೂ ಬೇಕಾದದ್ದು. ಗುಡ್ಡದ ಬದಿಯಲ್ಲಿ ಅದಕ್ಕಾಗಿ ಗಣಿ ತೋಡಿದರು. ಸಮಸ್ಯೆ ಎಲ್ಲಿ ಅಂದರೆ ಆ ಪದರದ ಜೊತೆ ಪೈರೈಟ್ ಇದೆ, ಕಬ್ಬಿಣ ಮತ್ತು ಗಂಧಕ ಸೇರಿದ ಖನಿಜ. ನೆಲದೊಳಗೆ ಇದ್ದಷ್ಟು ದಿನ ಅದರ ಪಾಡಿಗೆ ಇರುತ್ತದೆ. ಅಗೆದು ಗಾಳಿಗೂ ನೀರಿಗೂ ಒಡ್ಡಿದರೆ ಗಂಧಕಾಮ್ಲ ಆಗುತ್ತದೆ. ಗುಡ್ಡದ ನೀರು ಬುಡಕ್ಕೆ ಇಳಿಯುತ್ತದೆ ಅಂತ ಮೇಲೆ ನೋಡಿದೆವು. ಆಮ್ಲವೂ ಅದೇ ದಾರಿಯಲ್ಲಿ ಇಳಿದು ಗದ್ದೆ, ಬಾವಿಗೆ ಬಂತು ಅಂತ ಸುತ್ತಲಿನ ಜನ ವರ್ಷಗಟ್ಟಲೆ ಹೋರಾಡಿದರು. ಜಂಬಿಟ್ಟಿಗೆ ಗುಡ್ಡಗಳ ಹಣೆಬರಹವೇ ಹೀಗೆ. ಚಪ್ಪಟೆ ಇದೆ, ಮರ ಇಲ್ಲ, ಜನ ಇಲ್ಲ, ಹಾಗಾಗಿ ಏನಾದರೂ ದೊಡ್ಡದು ಕಟ್ಟಬೇಕಾದರೆ ಮೊದಲು ಕಣ್ಣು ಬೀಳುವುದು ಇವುಗಳ ಮೇಲೆ. ಕಣ್ಣೂರು ವಿಮಾನ ನಿಲ್ದಾಣವೂ, ಮಂಗಳೂರಿನ ಬಜ್ಪೆಯದ್ದೂ ಇಂಥ ಗುಡ್ಡದ ತಲೆ ಮೇಲೇ ಇವೆ. ದಕ್ಷಿಣ ಕನ್ನಡದಲ್ಲಿ ಪದವು (ಇಂಥ ಚಪ್ಪಟೆ ಗುಡ್ಡ) ಅಂತ ಹೆಸರು ಕೊನೆಗೊಳ್ಳುವ ಊರುಗಳಲ್ಲಿ ಈಗ ಪದವು ಎಷ್ಟು ಉಳಿದಿದೆ ನೋಡಿ.

ಇದಕ್ಕಿಂತ ಸಣ್ಣದಾಗಿ ಕಂಡರೂ ಪ್ರತಿ ವರ್ಷ ಆಗುವ ಹಾನಿ ಬೆಂಕಿಯದ್ದು. ಡಿಸೆಂಬರ್ ನಂತರ ಒಣಹುಲ್ಲಿಗೆ ಒಂದು ಬೀಡಿ ತುಂಡು ಸಾಕು. ಬೀಜ, ಚಿಟ್ಟೆಯ ಮರಿ, ನೆಲದ ಗೂಡು ಎಲ್ಲ ಹೋಗುತ್ತದೆ. ಇನ್ನೊಂದು, ಗಾಡಿ. ಬೈಕ್, ಜೀಪ್ ಹುಲ್ಲಿನ ಮೇಲೆ ಹತ್ತಿಸಿ ರೀಲ್ ಮಾಡುವವರು. ಬೆರಳು ದಪ್ಪದ ಮಣ್ಣು ಆ ಜಾಗಕ್ಕೆ ಬಂದು ಸೇರಲು ಎಷ್ಟು ಕಾಲ ಬೇಕೋ, ಒಂದು ಟೈರ್ ಗಿರಕಿ ಹೊಡೆದರೆ ಒಂದೇ ಮಳೆಗೆ ಕೊಚ್ಚಿ ಹೋಗುತ್ತದೆ. ಮಂಡಲಪಟ್ಟಿಯ ಜೀಪ್ ದಾರಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಹೋಗುವ ವಿಚಾರ. ವಿರಾಜಪೇಟೆ ಕಡೆಯವರಿಗೆ ಪೆರುಂಬಾಡಿ, ಮಾಕುಟ್ಟ, ಕೂಟುಪುಳ, ಇರಿಟ್ಟಿ. ಅಲ್ಲಿಂದ ತಳಿಪರಂಬ ಮೇಲಿಂದಲೂ ಹೋಗಬಹುದು, ಕಣ್ಣೂರು ಮೇಲಿಂದಲೂ ಹೋಗಬಹುದು. ಮೂರು ಗಂಟೆಗೆ ಮೇಲೆ ಅಂತ ಇಟ್ಟುಕೊಳ್ಳಿ. ಭಾಗಮಂಡಲ ಕಡೆಯವರು ಕರಿಕೆ, ಪಾಣತ್ತೂರು, ಕಾಞಂಗಾಡ್ ದಾರಿಯಲ್ಲಿ ಇಳಿದು ದಕ್ಷಿಣಕ್ಕೆ ಬರಬಹುದು. ಹೂವಿನ ಕಾಲ ಅಂದರೆ ಘಾಟಿಯಲ್ಲಿ ಮಣ್ಣು ಕುಸಿಯುವ ಕಾಲವೂ ಹೌದು. 2018ರ ಮಳೆಯಲ್ಲಿ ಮಾಕುಟ್ಟ ರಸ್ತೆ ಕುಸಿದು ಸಂಚಾರ ನಿಂತದ್ದು ನೆನಪಿದೆಯಲ್ಲ. ಹಿಂದಿನ ದಿನ ವಿಚಾರಿಸಿಕೊಂಡೇ ಹೊರಡಿ. ಕಣ್ಣೂರಿನಿಂದ ರೈಲೂ ಇದೆ, ಪಳಯಂಗಾಡಿ ಸ್ಟೇಷನ್ ಗುಡ್ಡಕ್ಕೆ ಹತ್ತಿರ.

ಮೇಲೆ ನೆರಳು ಇಲ್ಲ. ಬೆಳಗ್ಗೆ ಒಂಬತ್ತರ ಒಳಗೆ, ಇಲ್ಲಾ ನಾಲ್ಕರ ಮೇಲೆ. ಘಾಟಿಯಿಂದ ಹೋಗುವ ನಮಗೆ ಬೆಳಗಿನದ್ದು ಕಷ್ಟ, ಹಾಗಾಗಿ ಮೊದಲು ಕಾವಿಗೆ ಹೋಗಿ, ಊಟ ಮುಗಿಸಿ, ಸಂಜೆ ಗುಡ್ಡ ಹತ್ತುವುದು ವಾಸಿ. ಇಲ್ಲದಿದ್ದರೆ ಹಿಂದಿನ ರಾತ್ರಿಯೇ ಕಣ್ಣೂರಿನಲ್ಲಿ ಉಳಿಯಿರಿ. ನೀರು, ಟೋಪಿ, ಹಿಡಿತ ಇರುವ ಚಪ್ಪಲಿ. ಮಳೆಯಲ್ಲಿ ಕೊಡೆ ಪ್ರಯೋಜನ ಇಲ್ಲ, ಕಡಲ ಗಾಳಿ ತಿರುಗಿಸಿಹಾಕುತ್ತದೆ, ರೇನ್‌ಕೋಟ್ ಹಾಕಿ. ಜಿಗಣೆ ಕಾಟ ನಮ್ಮ ಕಾಡಿನಷ್ಟು ಇಲ್ಲ.

ನಡೆಯುವಾಗ ಬರೀ ಕಲ್ಲಿನ ಮೇಲೆ, ಇಲ್ಲವೇ ಆಗಲೇ ಜನ ನಡೆದು ಸವೆದ ದಾರಿಯಲ್ಲಿ ನಡೆಯಿರಿ. ನೀಲಿ ಹಾಸಿನ ನಡುವೆ ಕೂತು ಫೋಟೊ ತೆಗೆಸಿಕೊಳ್ಳುವ ಆಸೆ ಎಲ್ಲರಿಗೂ ಇರುತ್ತದೆ, ಆದರೆ ಕೂತ ಜಾಗದ ಹೂವು ಬೀಜ ಕಟ್ಟುವುದಿಲ್ಲ. ಅಂಚಿನಲ್ಲಿ ಕಲ್ಲಿನ ಮೇಲೆ ಕೂತು ಕ್ಯಾಮೆರಾವನ್ನು ತಗ್ಗಿಸಿ ಹಿಡಿದರೆ ನಡುವೆ ಕೂತಂತೆಯೇ ಬರುತ್ತದೆ, ಪ್ರಯತ್ನಿಸಿ. ಮಕ್ಕಳಿದ್ದರೆ ಒಂದು ಭೂತಗನ್ನಡಿ ಕೊಡಿ. ಒಂದೇ ಗುಳಿಯ ಮುಂದೆ ಅರ್ಧ ಗಂಟೆ ಕುಕ್ಕರುಗಾಲಲ್ಲಿ ಕೂತರೆ ಕಾಣುವಷ್ಟು ಇಡೀ ಗುಡ್ಡ ಸುತ್ತಿದರೆ ಕಾಣುವುದಿಲ್ಲ. ಡ್ರೊಸೆರಾ ಹುಡುಕಲು ಅವರನ್ನೇ ಬಿಡಿ, ಅವರ ಕಣ್ಣು ನೆಲಕ್ಕೆ ಹತ್ತಿರ, ದೊಡ್ಡವರಿಗಿಂತ ಮೊದಲು ಅವರಿಗೇ ಸಿಗುತ್ತದೆ. ಗುಳಿಯ ನೀರಿಗೆ ಕೈ ಹಾಕಿಸಬೇಡಿ, ಸನ್‌ಸ್ಕ್ರೀನ್, ಸೊಳ್ಳೆ ಕ್ರೀಮ್ ಹಚ್ಚಿದ ಕೈಯಂತೂ ಬೇಡವೇ ಬೇಡ. ಒಂದು ಲೋಟ ನೀರಿನಲ್ಲಿ ಬದುಕುವ ಜೀವಕ್ಕೆ ಅದು ಬಹಳವಾಗುತ್ತದೆ. ಕತ್ತಲಾಗುವ ಮೊದಲು ಇಳಿದುಬಿಡಿ, ಅಂದೇ ವಾಪಸ್ ಬರುವವರು ಇರಿಟ್ಟಿಯಲ್ಲೇ ಊಟ ಮುಗಿಸಿ. ಮಾಕುಟ್ಟದ ಕಾಡಿನ ದಾರಿಯಲ್ಲಿ ಹೋಟೆಲ್ ಹುಡುಕುತ್ತಾ ನಿಲ್ಲಬೇಡಿ. ಅಲ್ಲಿ ರಾತ್ರಿ ರಸ್ತೆಗೆ ಬರುವುದು ನಮಗೆ ಚೆನ್ನಾಗಿ ಗೊತ್ತಿರುವ ದೊಡ್ಡ ವನ್ಯಜೀವಿಯೇ.